ಕಂಕಿ ಸತ್ತನೋ, ಓಡಿಹೋದನೋ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾರಾ ಯಾಸುಹಿಸಾ ಅವರ 'ಕಿಂಗ್‌ಡಮ್' ಮಂಗಾ (ಜಪಾನಿ ಕಾಮಿಕ್) 2006ರಿಂದ ಜಪಾನಿನ 'ವೀಕ್ಲಿ ಯಂಗ್ ಜಂಪ್' ಪತ್ರಿಕೆಯಲ್ಲಿ ಬರುತ್ತಿದೆ. ಕ್ರಿ.ಪೂ. 3ನೇ ಶತಮಾನದ ಚೀನಾದಲ್ಲಿ ಏಳು ರಾಜ್ಯಗಳು ಕಾದಾಡಿ, ಕೊನೆಗೆ ಚಿನ್ ರಾಜ್ಯ ಉಳಿದ ಆರನ್ನೂ ನುಂಗಿದ ಕಾಲದ ಕಥೆ ಅದು. ಅದರಲ್ಲಿ 'ತಲೆಕಡುಕ' ಎಂದೇ ಹೆಸರಾದ ಚಿನ್ ಸೇನಾಪತಿ ಕಂಕಿಯ ಸಾವಿನ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಪುಟ ಮೀಸಲು. ಅಲ್ಲಿಯವರೆಗೆ ಇನ್ನೂ ಓದದವರು ಈ ಪುಟ ಮಗುಚಿ ಮುಂದೆ ಹೋಗುವುದು ಒಳ್ಳೆಯದು.

ಪ್ರಶ್ನೆ: ಮಂಗಾದಲ್ಲಿ ಕಂಕಿ ಹಿಕಾ ಯುದ್ಧದಲ್ಲಿ ರಿಬೊಕುವಿನ ಸೈನ್ಯದ ನಡುವೆ ಸಾಯುತ್ತಾನೆ. ನಿಜವಾದ ಸೇನಾಪತಿ ತಪ್ಪಿಸಿಕೊಂಡ ಅಂತ ಬೇರೆ ಕಡೆ ಓದಿದ್ದೆ. ಯಾವುದನ್ನು ನಂಬಬೇಕು?

ಉತ್ತರ: ಎರಡಕ್ಕೂ ಹಳೆಯ ಆಧಾರ ಇದೆ, ತಕರಾರು ಇರುವುದೇ ಅಲ್ಲಿ. ಕಂಕಿಯ ಮೂಲ ವ್ಯಕ್ತಿ ಹುವಾನ್ ಯಿ. ರಿಬೊಕುವಿನ ಮೂಲ ಝಾವೋ ರಾಜ್ಯದ ಸೇನಾಪತಿ ಲಿ ಮು. ಕಾಳಗ ನಡೆದದ್ದು ಕ್ರಿ.ಪೂ. 233ರಲ್ಲಿ, ಇಂದಿನ ಹೆಬೇ ಪ್ರಾಂತ್ಯದ ಶಿಜಿಯಾಝುವಾಂಗ್ ಬಳಿಯ ಯಿಆನ್ ಮತ್ತು ಫೇಶಿಯಾ ಎಂಬಲ್ಲಿ. ಫೇಶಿಯಾ ಎಂಬ ಹೆಸರಿನ ಎರಡು ಅಕ್ಷರಗಳನ್ನು ಜಪಾನಿಯಲ್ಲಿ ಓದಿದರೆ 'ಹಿಕಾ'.

ಸಿಮಾ ಚಿಯನ್ ಬರೆದ ಚೀನಾದ ಹಳೆಯ ಇತಿಹಾಸ ಗ್ರಂಥ 'ಶಿಜಿ' ಈ ಒಂದೇ ಘಟನೆಯನ್ನು ಮೂರು ಕಡೆ ಮೂರು ಥರ ಹೇಳುತ್ತದೆ. ಚಿನ್ ರಾಜನ ವೃತ್ತಾಂತದ ಪ್ರಕಾರ ಆ ವರ್ಷ ಚಿನ್ ಸೈನ್ಯ ಯಿಆನ್ ಗೆದ್ದಿತು, ಝಾವೋ ಸೇನಾಪತಿಯನ್ನು ಕೊಂದಿತು. ಸೋಲಿನ ಸುದ್ದಿಯೇ ಇಲ್ಲ. ಝಾವೋ ರಾಜವಂಶದ ಅಧ್ಯಾಯಕ್ಕೆ ಬಂದರೆ, ಲಿ ಮು ಫೇಶಿಯಾದಲ್ಲಿ ಎದುರು ನಿಂತು ಚಿನ್ ಸೈನ್ಯವನ್ನು ಹಿಮ್ಮೆಟ್ಟಿಸಿದ, ಅದಕ್ಕೆ 'ವೂಆನ್ ಪ್ರಭು' ಎಂಬ ಬಿರುದು ಪಡೆದ. ಲಿ ಮುವಿನ ಜೀವನ ವೃತ್ತಾಂತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅವನು ಚಿನ್ ಸೈನ್ಯವನ್ನು ನುಚ್ಚುನೂರು ಮಾಡಿ ಹುವಾನ್ ಯಿಯನ್ನು 'ಓಡಿಸಿದ' ಎನ್ನುತ್ತದೆ. ಕೊಂದ ಎಂಬ ಮಾತು ಮೂರರಲ್ಲೂ ಇಲ್ಲ.

ಕೊಂದ ಎಂದು ಹೇಳುವುದು 'ಝಾನ್‌ಗುವೊ ತ್ಸ' ಎಂಬ ಇನ್ನೊಂದು ಸಂಕಲನ. ಆದರೆ ಅದರ ಆ ಭಾಗವನ್ನು ಪೂರ್ತಿ ಓದಿ ನೋಡಿ. ಚಿನ್‌ನ ವಾಂಗ್ ಜಿಯನ್ ಝಾವೋ ಮೇಲೆ ದಂಡೆತ್ತಿ ಬಂದ, ಲಿ ಮು ತಡೆದ, ಹುವಾನ್ ಯಿಯನ್ನು ಕೊಂದ, ಆಮೇಲೆ ವಾಂಗ್ ಜಿಯನ್ ಝಾವೋ ರಾಜನ ಆಪ್ತನಿಗೆ ಲಂಚ ಕೊಡಿಸಿದ ಎಂದು ಒಂದೇ ಉಸಿರಿನಲ್ಲಿ ಸಾಗುತ್ತದೆ. ವಾಂಗ್ ಜಿಯನ್ ಆ ದಂಡಯಾತ್ರೆಗೆ ಹೊರಟದ್ದು ಕ್ರಿ.ಪೂ. 229ರಲ್ಲಿ. ನಾಲ್ಕು ವರ್ಷದ ಹಿಂದಿನ ಕಾಳಗವನ್ನು ಅದರೊಳಕ್ಕೆ ತುರುಕಲಾಗಿದೆ. ಹಾಗಾಗಿ ನಮ್ಮ ಒಲವು 'ಓಡಿಸಿದ' ಎಂಬ ಮಾತಿನ ಕಡೆಗೆ. ಹಾರಾ ಇನ್ನೊಂದನ್ನು ಹಿಡಿದರು, ಕಥೆಗಾರನಾಗಿ ಅದು ಸರಿಯಾದ ಆಯ್ಕೆ. ಅಷ್ಟು ರಕ್ತ ಹರಿಸಿದವನನ್ನು ಸದ್ದಿಲ್ಲದೆ ಗಡಿ ದಾಟಿಸಿದ್ದರೆ ಓದುಗರು ಬಿಡುತ್ತಿರಲಿಲ್ಲ.

ಮೂರನೆಯ ವಾದವೂ ಒಂದಿದೆ. 233ರ ನಂತರ ಹುವಾನ್ ಯಿಯ ಹೆಸರು ಎಲ್ಲೂ ಬರುವುದಿಲ್ಲ. ಸ್ವಲ್ಪ ಕಾಲದಲ್ಲಿ ಫಾನ್ ಯೂಚಿ ಎಂಬ ಚಿನ್ ಸೇನಾಪತಿ, ಹಿಂದುಮುಂದಿನ ಪರಿಚಯವೇ ಇಲ್ಲದೆ, ಯಾನ್ ರಾಜ್ಯದಲ್ಲಿ ಆಶ್ರಯ ಬೇಡುತ್ತಾ ಕಾಣಿಸಿಕೊಳ್ಳುತ್ತಾನೆ. ಚಿನ್ ರಾಜ ಅವನ ಮನೆಯವರನ್ನೆಲ್ಲ ಕೊಲ್ಲಿಸಿ, ಅವನ ತಲೆಗೆ ಸಾವಿರ ಜಿನ್ (ಆ ಕಾಲದ ತೂಕದ ಅಳತೆ) ಚಿನ್ನವನ್ನೂ ಹತ್ತು ಸಾವಿರ ಮನೆಗಳ ಊರನ್ನೂ ಕಟ್ಟಿದ್ದ. ರಾಜನನ್ನು ಕೊಲ್ಲಲು ಹೊರಟ ಜಿಂಗ್ ಕ ಆ ತಲೆಯನ್ನೇ ಕಾಣಿಕೆಯಾಗಿ ಒಯ್ಯಲು ಕೇಳಿದಾಗ ಫಾನ್ ಯೂಚಿ ತನ್ನ ಕತ್ತು ತಾನೇ ಕೊಯ್ದುಕೊಂಡ. ಜಿಂಗ್ ಕ ಚಿನ್ ಆಸ್ಥಾನಕ್ಕೆ ಹೋದದ್ದು ಕ್ರಿ.ಪೂ. 227ರಲ್ಲಿ. ಹುವಾನ್ ಯಿ, ಫಾನ್ ಯೂಚಿ ಇಬ್ಬರೂ ಒಬ್ಬನೇ ಎಂದವರು ಇತಿಹಾಸಕಾರ ಯಾಂಗ್ ಕುವಾನ್. ಊಹೆ ಜಾಣತನದ್ದೇ, ಆದರೆ ಶಿಜಿ ಎರಡೂ ಹೆಸರನ್ನು ಬಳಸಿಯೂ ಅವನ್ನು ಎಲ್ಲೂ ಜೋಡಿಸಿಲ್ಲ.

ಪ್ರಶ್ನೆ: ಒಂದು ಲಕ್ಷ ಸೆರೆಯಾಳುಗಳ ತಲೆ ಕಡಿಸಿದ ಪ್ರಸಂಗ ನಿಜವೇ? ಅಷ್ಟು ತಲೆ ಎಣಿಸಿದವರು ಯಾರು?

ಉತ್ತರ: ಎಣಿಸಿದವರು ಗುಮಾಸ್ತರು. ತಮಾಷೆಯಲ್ಲ, ಚಿನ್ ಸೈನ್ಯದಲ್ಲಿ ತಲೆ ಎಂದರೆ ಪದವಿ ಮತ್ತು ಜಮೀನು.

ಮೊದಲು ಘಟನೆ. ಕ್ರಿ.ಪೂ. 234ರಲ್ಲಿ ಹುವಾನ್ ಯಿ ಝಾವೋ ರಾಜ್ಯದ ಪಿಂಗ್‌ಯಾಂಗ್ ಮೇಲೆ ಬಿದ್ದು, ಹು ಝ ಎಂಬ ಸೇನಾಪತಿಯನ್ನು ಕೊಂದು, 'ಒಂದು ಲಕ್ಷ ತಲೆ ಕಡಿದ' ಎಂದು ಶಿಜಿ ಹೇಳುತ್ತದೆ. ಸೆರೆಯಾಳುಗಳ ತಲೆ ಎಂದು ಅದು ಹೇಳುವುದಿಲ್ಲ. ಕಾದಾಟದಲ್ಲಿ ಸತ್ತವರನ್ನೂ ಆ ಕಾಲದ ವೃತ್ತಾಂತಗಳು ಹೀಗೆಯೇ ಲೆಕ್ಕ ಹಾಕುತ್ತವೆ. ಶರಣಾದವರನ್ನು ಸಾಲಾಗಿ ಕಡಿಸುವ ದೃಶ್ಯ ಮಂಗಾದ ಸೃಷ್ಟಿ. ಆದರೆ ಅದೇ ಸಾಲಿನ ಬೆನ್ನಿಗೇ ಶಿಜಿಯಲ್ಲಿ 'ರಾಜ ಹೆನಾನ್‌ಗೆ ಹೋದ' ಎಂಬ ಪುಟ್ಟ ವಾಕ್ಯವಿದೆ, ಯಾಕೆಂದು ವಿವರಣೆಯಿಲ್ಲ. ಮಂಗಾದಲ್ಲಿ ರಾಜ ಎಯ್‌ಸೇ ಖುದ್ದಾಗಿ ಬಂದು ಕಂಕಿಯನ್ನು ತರಾಟೆಗೆ ತೆಗೆದುಕೊಳ್ಳುವ ಪ್ರಸಂಗ ಹುಟ್ಟಿದ್ದು ಆ ವಾಕ್ಯದಿಂದಲೇ ಇರಬಹುದು.

ಇನ್ನು ಲೆಕ್ಕ. ಚಿನ್ ರಾಜ್ಯದ ಹಳೆಯ ಮಂತ್ರಿ ಶಾಂಗ್ ಯಾಂಗ್‌ನ ಹೆಸರಿನಲ್ಲಿರುವ ಗ್ರಂಥದ ಪ್ರಕಾರ ಕವಚ ತೊಟ್ಟ ಶತ್ರುವಿನ ಒಂದು ತಲೆ ತಂದವನಿಗೆ ಒಂದು ಮೆಟ್ಟಿಲು ಪದವಿ, ಒಂದು ಚಿಂಗ್ ಅಂದರೆ 100 ಮು (ಜಮೀನಿನ ಅಳತೆ) ಹೊಲ, 9 ಮು ಮನೆ ಜಾಗ. ನೂರು ಜನರ ತುಕಡಿಗೆ 33 ತಲೆ ದಕ್ಕಿದರೆ ಅದರ ನಾಯಕನಿಗೆ ಬಡ್ತಿ. ಇಡೀ ಸೈನ್ಯಕ್ಕೆ ಬಯಲು ಕಾಳಗದಲ್ಲಿ 2,000 ತಲೆ, ಕೋಟೆ ಮುತ್ತಿಗೆಯಲ್ಲಿ 8,000 ತಲೆ ಆದರೆ 'ಲೆಕ್ಕ ತುಂಬಿತು'. ಹುವಾನ್ ಯಿಯ ಒಂದು ಲಕ್ಷ ಬಯಲು ಕಾಳಗದ ಆ ಮಟ್ಟಕ್ಕಿಂತ ಐವತ್ತು ಪಟ್ಟು. ಇಂಥ ಸೊನ್ನೆಗಳೇ ತುಂಬಿದ ಸಂಖ್ಯೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಇಲ್ಲಿ ಮೋಸವೂ ನಡೆಯುತ್ತಿತ್ತು. 1975ರಲ್ಲಿ ಹುಬೇ ಪ್ರಾಂತ್ಯದ ಶ್ವೇಹುದಿಯಲ್ಲಿ ಒಬ್ಬ ಚಿನ್ ಅಧಿಕಾರಿಯ ಗೋರಿ ತೆರೆದಾಗ ಸಾವಿರಕ್ಕೂ ಹೆಚ್ಚು ಬಿದಿರಿನ ಪಟ್ಟಿಗಳು ಸಿಕ್ಕವು. ಅವುಗಳಲ್ಲಿ ಒಂದು ಪ್ರಕರಣ ಹೀಗಿದೆ. ಶಿಂಗ್‌ಚಿಯು ಕೋಟೆಯ ಕಾಳಗದಲ್ಲಿ ಇಬ್ಬರು ಒಂದೇ ತಲೆ ಹಿಡಿದು 'ನಂದು, ನಂದು' ಎಂದು ಬರುತ್ತಾರೆ. ಅಧಿಕಾರಿ ತಲೆಯನ್ನು ಪರೀಕ್ಷಿಸುತ್ತಾನೆ. ಹಣೆಯ ಬಲಬದಿಯಲ್ಲಿ 5 ಚುನ್ ಉದ್ದದ ಗಾಯ, ಅಂದರೆ ಸುಮಾರು 11.5 ಸೆಂ.ಮೀ., ಮೂಳೆವರೆಗೆ ಇಳಿದಿದೆ, ಕತ್ತಿಯ ಗುರುತಿನಂತಿದೆ. ಕುತ್ತಿಗೆ ಕಡಿದ ಜಾಗ ಸಮನಾಗಿಲ್ಲ. ಆಮೇಲೆ, ತಮ್ಮ ತುಕಡಿಯಲ್ಲಿ ಹಿಂದೆ ಬಿದ್ದವರು, ಕಾಣೆಯಾದವರು ಇದ್ದರೆ ಬಂದು ಈ ತಲೆಯನ್ನು ಗುರುತಿಸಿ ಎಂದು ಪ್ರಕಟಣೆ ಹೊರಡಿಸುತ್ತಾನೆ. ಇಬ್ಬರಲ್ಲಿ ಒಬ್ಬ ತನ್ನ ಕಡೆಯವನನ್ನೇ ಕೊಂದು ತಂದಿರಬಹುದೆಂಬ ಗುಮಾನಿ. ಕಂಕಿಯ ಕ್ರೌರ್ಯವನ್ನು ಒಬ್ಬ ಮನುಷ್ಯನ ಹುಚ್ಚು ಎಂದು ಓದುವವರು ಈ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡು ಓದಿ.

ಪ್ರಶ್ನೆ: ಅವನು ನಿಜಕ್ಕೂ ದರೋಡೆಕೋರರ ನಾಯಕನಾಗಿದ್ದನೇ?

ಉತ್ತರ: ಇಲ್ಲ, ಅದು ಪೂರ್ತಿ ಹಾರಾ ಅವರದ್ದು. ಹುವಾನ್ ಯಿಯ ಊರು, ಹುಟ್ಟು, ವಯಸ್ಸು ಯಾವುದೂ ದಾಖಲಾಗಿಲ್ಲ. ಕ್ರಿ.ಪೂ. 237ರಲ್ಲಿ ಸೇನಾಪತಿಯಾದ, 236ರಲ್ಲಿ ವಾಂಗ್ ಜಿಯನ್ ಮತ್ತು ಯಾಂಗ್ ದುವಾನ್‌ಹ ಜೊತೆ ಯೆ ನಗರದ ಮೇಲೆ ಹೋದ, 234 ಮತ್ತು 233ರಲ್ಲಿ ಝಾವೋ ಮೇಲೆ ಹೋದ. ಐದು ವರ್ಷ, ಅಷ್ಟೇ ಅವನ ಬದುಕು. ಹೆಸರಿನ ಎರಡನೆಯ ಅಕ್ಷರವನ್ನೂ ಮಂಗಾ ಬದಲಿಸಿದೆ. ಶಿಜಿಯ ಕಷ್ಟದ ಅಕ್ಷರದ ಜಾಗದಲ್ಲಿ 'ಸವಾರ' ಎಂಬರ್ಥದ ಸುಲಭದ ಅಕ್ಷರ ಬಂದಿದೆ.

ಪ್ರಶ್ನೆ: ಕನ್ನಡದಲ್ಲಿ ಬರೆಯುವಾಗ ಜಪಾನಿ ಹೆಸರು ಬಳಸಬೇಕೋ, ಚೀನೀ ಹೆಸರೋ?

ಉತ್ತರ: ಮಂಗಾದ ಪಾತ್ರದ ಬಗ್ಗೆ ಆದರೆ ಜಪಾನಿ, ಇತಿಹಾಸದ ಬಗ್ಗೆ ಆದರೆ ಚೀನೀ. ಒಂದೇ ವಾಕ್ಯದಲ್ಲಿ ಬೆರೆಸಬೇಡಿ. ಓಸೆನ್ ಎಂದರೆ ವಾಂಗ್ ಜಿಯನ್, ಯೋತಾನ್ವಾ ಎಂದರೆ ಯಾಂಗ್ ದುವಾನ್‌ಹ, ಶಿನ್ ಎಂದರೆ ಲಿ ಶಿನ್.

ಪ್ರಶ್ನೆ: ನಾನೂ ಅದೇ ಕಾಲದ ಕಾಮಿಕ್ ಬರೆಯುತ್ತಿದ್ದೇನೆ. ನನ್ನ ಕ್ರೂರ ಸೇನಾಪತಿಯ ಸಾವು ಎಷ್ಟು ತಿದ್ದಿದರೂ ಸಪ್ಪೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಕಳಿಸಿದ ಕರಡು ಪುಟಗಳನ್ನು ನೋಡಿದೆವು. ತಪ್ಪು ಚಿತ್ರದಲ್ಲಿಲ್ಲ, ಪುಟದ ಹೊಂದಿಕೆಯಲ್ಲಿದೆ. ಜಪಾನಿ ಪುಸ್ತಕ ಬಲದಿಂದ ಎಡಕ್ಕೆ ಓದಿಸಿಕೊಳ್ಳುತ್ತದೆ, ನಿಮ್ಮದು ಎಡದಿಂದ ಬಲಕ್ಕೆ. ಅಲ್ಲಿನ ಪುಟ ಜೋಡಣೆಯನ್ನು ಹಾಗೇ ಎತ್ತಿಕೊಂಡದ್ದರಿಂದ ಕೊನೆಯ ಹೊಡೆತ ನಿಮ್ಮಲ್ಲಿ 11ನೇ ಪುಟಕ್ಕೆ ಬಿದ್ದಿದೆ. ಅದು ಬಲಗಡೆಯ ಪುಟ. 10ನ್ನು ಓದುವಾಗಲೇ ಕಣ್ಣಂಚಿಗೆ 11 ಬಿದ್ದು ಗುಟ್ಟು ರಟ್ಟಾಗುತ್ತದೆ. 11ರ ಕೊನೆಯ ಚೌಕದಲ್ಲಿ ಎತ್ತಿದ ಆಯುಧವೋ ತಿರುಗಿದ ಮುಖವೋ ಇರಲಿ, ಹೊಡೆತ ಹಾಳೆ ಮಗುಚಿದ ಮೇಲೆ 12ರಲ್ಲಿ ಬರಲಿ. ಜೋಡಿ ಪುಟದ ದೊಡ್ಡ ಚಿತ್ರ ಬೇಕಾದರೆ 12–13.

ಎರಡನೆಯದು ಮಾತು. ಸಾಯುವವನ ಬಾಯಲ್ಲಿ ಒಂಬತ್ತು ಮಾತಿನ ಬಲೂನು ಇಟ್ಟಿದ್ದೀರಿ. ಎರಡು ಸಾಕು. ಕ್ರೂರಿಯ ಹಳೆಯ ಕಥೆಯನ್ನು ಸಾವಿನ ಕಂತಿಗೆ ಉಳಿಸಿಕೊಳ್ಳಬೇಡಿ, ಅದು ಎರಡು ಮೂರು ಕಂತು ಮೊದಲೇ ಮುಗಿದಿರಲಿ. ಗಾಯವಾದ ಮೇಲೆ ಹಿನ್ನೋಟಕ್ಕೆ ಹೋದರೆ ಕಾಳಗ ನಿಂತುಹೋಗುತ್ತದೆ, ಸುತ್ತ ನಿಂತ ಸೈನಿಕರು ಸಂತೆಗೆ ಬಂದವರ ಹಾಗೆ ಕಾಣುತ್ತಾರೆ. ಅವನು ಬಿದ್ದ ತಕ್ಷಣದ ಚೌಕದಲ್ಲಿ ಅವನನ್ನೇ ತೋರಿಸುವ ಬದಲು ಅವನ ಕಡೆಯವರಲ್ಲಿ ಒಬ್ಬನ ಮುಖ ಮತ್ತು ಶತ್ರು ಕಡೆಯ ಒಬ್ಬನ ಮುಖ ತೋರಿಸಿ. ಯಾರಿಗೆ ಸಂಕಟ, ಯಾರಿಗೆ ನಿರಾಳ ಎಂಬುದು ಆ ಎರಡೇ ಚೌಕದಲ್ಲಿ ತಿಳಿಯುತ್ತದೆ.

ಮೂರನೆಯದು ಸಲಕರಣೆ. ನಿಮ್ಮ ಸೇನಾಪತಿ ರಿಕಾಪಿನ ಮೇಲೆ ಎದ್ದು ನಿಂತು ಈಟಿ ಬೀಸುತ್ತಾನೆ. ಆ ಕಾಲಕ್ಕೆ ರಿಕಾಪು ಇರಲಿಲ್ಲ. ಶಿಆನ್ ಬಳಿ ಚಿನ್ ರಾಜನ ಗೋರಿಯ ಪಕ್ಕ ಹೂತಿಟ್ಟ ಮಣ್ಣಿನ ಸೈನ್ಯದ ಕುದುರೆಗಳಿಗೆ ಜೀನು ಇದೆ, ಕಾಲಿಡಲು ಏನೂ ಇಲ್ಲ. ಹಾಗಾಗಿ ಸವಾರ ತೊಡೆಯಲ್ಲೇ ಬಿಗಿಹಿಡಿದು ಕೂತಿರುತ್ತಾನೆ, ಪಕ್ಕದಿಂದ ಕೊಕ್ಕೆಯಂಥ ಆಯುಧ ಹಾಕಿ ಎಳೆದರೆ ಉರುಳುತ್ತಾನೆ. ನಿಮಗೆ ಬೇಕಾದ ಬೀಳುವ ದೃಶ್ಯ ಅಲ್ಲೇ ಇದೆ. ಚಿನ್ ಕಾಲಾಳಿನ ಕವಚ ಮುಂಡ ಮತ್ತು ತೋಳಿನ ಮೇಲ್ಭಾಗವನ್ನಷ್ಟೇ ಮುಚ್ಚುತ್ತದೆ. ಎದೆಗೆ ಒಂದೇ ಏಟಿಗೆ ಈಟಿ ತೂರಿಸುವ ಬದಲು ಕತ್ತು, ಕಂಕುಳು, ತೊಡೆ ಹುಡುಕಿ. ಕವಚದ ಹಲಗೆಗಳ ಜೋಡಣೆ ಕಲಿಯಲು 1998ರಲ್ಲಿ ಅಲ್ಲೇ ಸಿಕ್ಕ ಕಲ್ಲಿನ ಕವಚಗಳ ಚಿತ್ರ ನೋಡಿ. ಜೋಡಿಸಿದ ಒಂದರಲ್ಲಿ 612 ಬಿಲ್ಲೆ, ತೂಕ ಸುಮಾರು 18 ಕೆ.ಜಿ. ಅವು ಗೋರಿಗೆಂದು ಮಾಡಿದವು, ತೊಡುವುದಕ್ಕಲ್ಲ. ತೂಕ ನಕಲು ಮಾಡಬೇಡಿ, ಬಿಲ್ಲೆಯ ಆಕಾರ ಮಾತ್ರ ಸಾಕು.

ಕೊನೆಗೆ ಶಾಯಿ. ಬಿ4 ಹಾಳೆಯಲ್ಲಿ 220×310 ಮಿ.ಮೀ. ಅಳತೆಗೆ ಬರೆದದ್ದು ಬಿ6 ಪುಸ್ತಕಕ್ಕೆ ಬರುವಾಗ ಶೇ. 58ಕ್ಕೆ ಕುಗ್ಗುತ್ತದೆ. ರಕ್ತ, ಧೂಳು, ರಾತ್ರಿ ಮೂರನ್ನೂ 0.2 ಮಿ.ಮೀ. ಅಂತರದ ಗೀಟುಗಳಲ್ಲಿ ತುಂಬಿದ್ದೀರಿ. ಅಚ್ಚಿನಲ್ಲಿ ಅದು ಕೂಡಿಕೊಂಡು ಕರಿ ಮುದ್ದೆಯಾಗುತ್ತದೆ. ಅಂತರ 0.5ಕ್ಕೆ ಏರಿಸಿ. ಸ್ಕ್ರೀನ್‌ಟೋನ್ (ನೆರಳಿಗೆ ಅಂಟಿಸುವ ಚುಕ್ಕೆ ಹಾಳೆ) 60 ಗೆರೆಯದ್ದೂ ಕುಗ್ಗಿದಾಗ ನೂರು ಗೆರೆ ದಾಟುತ್ತದೆ, ಒರಟು ಕಾಗದದಲ್ಲಿ ಚುಕ್ಕೆ ಹರಡುತ್ತದೆ. ಸಾಯುವವನ ಮುಖದ ಮೇಲೆ ಟೋನ್ ಹಾಕಲೇಬೇಡಿ. ರಕ್ತಕ್ಕೆ ಅಚ್ಚಗಪ್ಪು, ಮುಖಕ್ಕೆ ಬರೀ ಬಿಳಿ ಹಾಳೆ. ಪುಟದಲ್ಲಿ ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ಪ್ರಶ್ನೆ: ಕಂಕಿಯನ್ನು ಸೋಲಿಸಿದ ಲಿ ಮು ಇತಿಹಾಸದಲ್ಲಿ ಮುಂದೇನಾದ?

ಉತ್ತರ: ಕ್ರಿ.ಪೂ. 232ರಲ್ಲಿ ಫಾನ್‌ವೂ ಎಂಬಲ್ಲಿ ಚಿನ್ ಸೈನ್ಯವನ್ನು ಮತ್ತೊಮ್ಮೆ ಸೋಲಿಸಿದ. 229ರಲ್ಲಿ ವಾಂಗ್ ಜಿಯನ್ ಬಂದಾಗ ಚಿನ್‌ನವರು ಝಾವೋ ರಾಜನ ಆಪ್ತ ಗುವೊ ಕಾಯ್‌ಗೆ ಚಿನ್ನ ಕೊಟ್ಟು, ಲಿ ಮು ದಂಗೆಯೇಳಲಿದ್ದಾನೆ ಎಂದು ಚಾಡಿ ಹೇಳಿಸಿದರು. ರಾಜ ಅವನ ಜಾಗಕ್ಕೆ ಬೇರೆಯವರನ್ನು ಕಳಿಸಿದ. ಲಿ ಮು ಅಧಿಕಾರ ಬಿಟ್ಟುಕೊಡಲು ಒಪ್ಪಲಿಲ್ಲ. ಅವನನ್ನು ಗುಟ್ಟಾಗಿ ಹಿಡಿದು ಕೊಂದರು, ಮೂರು ತಿಂಗಳಲ್ಲಿ ಝಾವೋ ಬಿತ್ತು ಎಂದು ಶಿಜಿ ಹೇಳುತ್ತದೆ. ಝಾನ್‌ಗುವೊ ತ್ಸದ ಇನ್ನೊಂದು ಅಧ್ಯಾಯ ಇಲ್ಲೂ ಬೇರೆ ಹಾಡು ಹಾಡುತ್ತದೆ. ಅದರಂತೆ ರಾಜಾಜ್ಞೆಗೆ ತಲೆಬಾಗಿ ಲಿ ಮು ತಾನೇ ಸಾಯಲು ಹೊರಟ. ಕೈ ಊನವಾಗಿದ್ದರಿಂದ ಕತ್ತಿ ಕುತ್ತಿಗೆಗೆ ಎಟುಕಲಿಲ್ಲ. ಕತ್ತಿಯ ತುದಿಯನ್ನು ಬಾಯಲ್ಲಿಟ್ಟುಕೊಂಡು, ಹಿಡಿಯನ್ನು ಕಂಬಕ್ಕೆ ಒತ್ತಿ ಪ್ರಾಣ ಬಿಟ್ಟ.