ಬಡಿದ ತಾಮ್ರ ಪೆಡಸಾಗುವುದೇಕೆ, ಕಾಯಿಸಿದರೆ ಮೆತ್ತಗಾಗುವುದೇಕೆ?

ಮೈಸೂರಿನಲ್ಲಿ ತಾಮ್ರದ ಹಂಡೆ ಬಡಿಯುವವರು ನಡುನಡುವೆ ಅದನ್ನು ಬೆಂಕಿಗೆ ಹಿಡಿಯುವುದನ್ನು ನೋಡಿ ಕೇಳಿದ್ದೀರಿ: ಲೋಹದ ಹರಳುಗಳೊಳಗಿನ ದೋಷಗಳಿಗೂ ಇದಕ್ಕೂ ಏನು ಸಂಬಂಧ, ಬಡಿದಾಗ ಆ ದೋಷಗಳು ಹೇಗೆ ಕೂರುತ್ತವೆ ಎಂದು.

ಮೊದಲು ಕೈಯಲ್ಲೇ ನೋಡಿಬಿಡಿ. ಅರ್ತಿಂಗ್‌ಗೆ ಬಳಸುವ 14 ಗೇಜಿನ ಬರಿ ತಾಮ್ರದ ತಂತಿ ಒಂದಡಿ ಸಾಕು. ದಪ್ಪ ಸುಮಾರು 2 ಮಿ.ಮೀ. ತುದಿಯನ್ನು ಇಕ್ಕಳದಲ್ಲಿ ಹಿಡಿದು, ಅಡುಗೆಮನೆಯ ದೀಪ ಆರಿಸಿ, ಗ್ಯಾಸ್ ಉರಿಯಲ್ಲಿ ನಡುಭಾಗ ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿ. ಉಕ್ಕಿನ ಹಾಗೆ ತಾಮ್ರ ನೀರಿಗೆ ಬಿದ್ದು ಗಟ್ಟಿಯಾಗುವುದಿಲ್ಲ. ಈಗ ಬೆರಳಲ್ಲೇ ಬಾಗುತ್ತದೆ. ಬಾಗಿಸಿದ್ದನ್ನು ಮತ್ತೆ ನೇರ ಮಾಡಲು ಹೋಗಿ: ಮೊದಲು ಬಾಗಿದ ಜಾಗ ಗೂನಾಗಿಯೇ ಉಳಿದು, ಅದರ ಅಕ್ಕಪಕ್ಕ ಬಾಗುತ್ತದೆ. ಆ ಗೂನಿನೊಳಗೆ ಆಗಿರುವುದೇ ನಿಮ್ಮ ಪ್ರಶ್ನೆಗೆ ಉತ್ತರ.

ಹರಳಿನಲ್ಲಿ, ಅಂದರೆ ಪರಮಾಣುಗಳು ಓರಣವಾಗಿ ಸಾಲುಗಟ್ಟಿದ ಲೋಹದ ಕಣದಲ್ಲಿ, ಅವುಗಳ ಪದರಗಳು ಒಂದರ ಮೇಲೊಂದು ಇಡಿಯಾಗಿ ಜಾರುವುದಿಲ್ಲ. ಹಾಸಿದ ಜಮಖಾನದಲ್ಲಿ ಒಂದು ಸುಕ್ಕನ್ನು ತಳ್ಳಿಕೊಂಡು ಹೋದ ಹಾಗೆ, ಜೋಡಣೆ ತಪ್ಪಿದ ಒಂದು ಗೆರೆ ಸಾಗುತ್ತದೆ. ಅದು ದಾಟಿದ ಮೇಲೆ ಪದರ ಒಂದು ಪರಮಾಣುವಿನಷ್ಟು ಸರಿದಿರುತ್ತದೆ. ಈ ಗೆರೆಯೇ ಡಿಸ್‌ಲೊಕೇಶನ್. ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು 1934ರಲ್ಲಿ ಬೇರೆಬೇರೆಯಾಗಿ ಇದನ್ನು ಮುಂದಿಟ್ಟರು. ಅಂದರೆ ತಾಮ್ರ ಬಾಗುವುದೇ ಈ ದೋಷದ ದಯೆಯಿಂದ.

ಹಾಗಾದರೆ ದೋಷ ಹೆಚ್ಚಿದಷ್ಟೂ ಮೆತ್ತಗಾಗಬೇಕಲ್ಲ? ಇಲ್ಲ, ಇಲ್ಲೇ ಹೆಚ್ಚಿನವರು ಎಡವುವುದು. ಹದವಾಗಿ ಕಾಯಿಸಿದ ತಾಮ್ರದ ಒಂದು ಘನ ಸೆಂಟಿಮೀಟರಿನಲ್ಲಿರುವ ಗೆರೆಗಳನ್ನೆಲ್ಲ ತುದಿಗೆ ತುದಿ ಜೋಡಿಸಿದರೆ ಸುಮಾರು 100 ಕಿ.ಮೀ., ಮಂಡ್ಯದಿಂದ ಬೆಂಗಳೂರಿಗೆ ಇರುವಷ್ಟು. ಚೆನ್ನಾಗಿ ಬಡಿದ ಮೇಲೆ ಅದೇ ತುಂಡಿನಲ್ಲಿ 10 ಲಕ್ಷ ಕಿ.ಮೀ. ತಾಮ್ರದಲ್ಲಿ ಜಾರುವುದಕ್ಕೆ 12 ದಾರಿಗಳಿವೆ: ನಾಲ್ಕು ಬಗೆಯ ಪದರ, ಒಂದೊಂದರಲ್ಲೂ ಮೂರು ದಿಕ್ಕು. ಬೇರೆಬೇರೆ ಪದರದ ಗೆರೆಗಳು ಅಡ್ಡಹಾಯ್ದು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ವಿರುದ್ಧ ಬಗೆಯ ಎರಡು ಗೆರೆಗಳು ತೀರಾ ಹತ್ತಿರ ಬಂದರೆ ಎರಡೂ ಅಳಿಯುತ್ತವೆ. ಉಳಿದವು ರೇಷ್ಮೆ ಎಳೆಗಳ ಹಾಗೆ ಸಿಕ್ಕಾಗುತ್ತವೆ.

ಈ ಸಿಕ್ಕು ಎಲ್ಲೆಡೆ ಸಮನಾಗಿ ಹರಡುವುದಿಲ್ಲ ಎನ್ನುವುದೇ ನನಗೆ ಅತ್ಯಂತ ಸೊಗಸಾಗಿ ಕಾಣುವ ಸಂಗತಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಿಕ್ಕೆಲ್ಲ ಗೋಡೆಗಳಾಗಿ ಒತ್ತರಿಸಿಕೊಂಡು, ನಡುವೆ ಹೆಚ್ಚುಕಡಿಮೆ ಖಾಲಿ ಕೋಣೆಗಳು ಕಾಣುತ್ತವೆ. ಕೋಣೆಯ ಅಗಲ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ಬಡಿದಷ್ಟೂ ಇನ್ನೂ ಕಿರಿದು. ಒಂದರ ಪಕ್ಕ ಒಂದು ಹೀಗೆ ಕೂತಾಗ ಅವುಗಳ ಸೆಳೆತ ಪರಸ್ಪರ ಬಹುಪಾಲು ರದ್ದಾಗಿ, ಒಟ್ಟು ಶಕ್ತಿ ತಗ್ಗುತ್ತದೆ. ಆದರೆ ಹೊಸ ಗೆರೆ ಓಡಾಡಲು ಜಾಗ ಆ ಕೋಣೆಯಷ್ಟೇ. ಗೆರೆಗಳು ಒಡ್ಡುವ ತಡೆ ಅವುಗಳ ಸಾಂದ್ರತೆಯ ವರ್ಗಮೂಲದಂತೆ ಏರುತ್ತದೆ: ಗೆರೆ 10,000 ಪಟ್ಟಾದರೆ ತಡೆ 100 ಪಟ್ಟು.

ಶೇ 30 ಸತುವಿರುವ ಹಿತ್ತಾಳೆಯಲ್ಲಿ ಗೆರೆಗಳು ತಮ್ಮ ಪದರ ಬಿಟ್ಟು ಪಕ್ಕದ್ದಕ್ಕೆ ಸುಲಭವಾಗಿ ದಾಟಲಾರವು. ಕೋಣೆ ಕಟ್ಟುವ ಬದಲು ಅದದೇ ಪದರದಲ್ಲಿ ಸಾಲುಗಟ್ಟುತ್ತವೆ. ಹಿತ್ತಾಳೆ ತಾಮ್ರಕ್ಕಿಂತ ಬೇಗ ಪೆಡಸಾಗುವುದು ಇದರಿಂದಲೇ.

ಕಾಯಿಸಿದಾಗ ಮೊದಲು ಗೋಡೆಗಳು ತೆಳುವಾಗಿ ಓರಣಗೊಳ್ಳುತ್ತವೆ. ಆಮೇಲೆ ಸಿಕ್ಕುಗಳಿಲ್ಲದ ಹೊಸ ಹರಳುಗಳು ಮೊಳೆತು ಹಳೆಯವನ್ನು ನುಂಗುತ್ತವೆ. ಹೆಚ್ಚು ಬಡಿದಷ್ಟೂ ಇದು ಕಡಿಮೆ ಬಿಸಿಯಲ್ಲೇ ಆರಂಭವಾಗುತ್ತದೆ. ಹಾಗಂತ ಒಂದೆರಡು ಲಘು ಪೆಟ್ಟು ಹಾಕಿ ಕಾಯಿಸಬೇಡಿ: ಮೊಳಕೆ ಕೆಲವೇ ಆಗಿ ಹರಳುಗಳು ತೀರಾ ದಪ್ಪ ಬೆಳೆಯುತ್ತವೆ. ಅತಿಯಾಗಿ ಕಾಯಿಸಿದರೂ ಅಷ್ಟೇ. ಅಂಥ ತಗಡನ್ನು ಮುಂದೆ ಬಡಿದರೆ ಮೈ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗುತ್ತದೆ.