ಧಾರಾವಾಹಿಯಲ್ಲಿ ಕಾಣದ ಆ 30 ದಿನ

ಹಿಂದಿನ ಸಂಚಿಕೆಯಲ್ಲಿ ಇದೇ ಪುಟದ ಕೊನೆಗೆ ಸುಮ್ನೆ ಒಂದು ಮಾತು ಸೇರಿಸಿದ್ದೆ. ಆಸ್ಪತ್ರೆ ಆಯ್ತು, ಪೊಲೀಸ್ ಸ್ಟೇಷನ್ ಆಯ್ತು, ಕೋರ್ಟೂ ಆಯ್ತು, ಸಬ್ ರಿಜಿಸ್ಟ್ರಾರ್ ಆಫೀಸಿನ ಕೆಲಸ ಮತ್ತು ಅಲ್ಲಿನವರ ಮನೆ ಕಥೆ ಇಟ್ಟುಕೊಂಡು ಯಾರೂ ಯಾಕೆ ಧಾರಾವಾಹಿ ಮಾಡುವುದಿಲ್ಲ ಅಂತ. ಅದಕ್ಕೆ ಪತ್ರಗಳು ಬಂದಿವೆ. ಒಂದಿಷ್ಟು ಜನ ಬೈದಿದ್ದಾರೆ. ಈ ಸಲ ಪುಟ ಪೂರ್ತಿ ಅದರದ್ದೇ.

ಧಾರಾವಾಹಿಗಳಲ್ಲಿ ಹುಡುಗ ಹುಡುಗಿ ಬೆಳಿಗ್ಗೆ ಮನೆ ಬಿಟ್ಟು ಓಡಿಬಂದು, ಮಧ್ಯಾಹ್ನ ರಿಜಿಸ್ಟರ್ ಮದುವೆ ಮುಗಿಸಿ, ಹಾರ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಾರೆ. ನಿಜವಾಗಿ ಹಾಗೆ ಆಗುತ್ತಾ? ಮನೆಯಲ್ಲಿ ಇದರ ಮೇಲೆ ಪಂದ್ಯ ಕಟ್ಟಿದ್ದೇವೆ.
– ತಿಪಟೂರಿನ ಓದುಗರು

ಆಗಲ್ಲ ಅಂದವರು ಗೆದ್ದಿದ್ದಾರೆ, ಆದರೆ ಪಂದ್ಯದ ದುಡ್ಡು ಪೂರ್ತಿ ಕೊಡಬೇಡಿ. ಆಫೀಸಿನಲ್ಲೇ ಮದುವೆ ಆಗಬೇಕು ಅಂದರೆ ಅದು 1954ರ ವಿಶೇಷ ವಿವಾಹ ಕಾಯ್ದೆಯ ಮದುವೆ. ಮೊದಲು ನೋಟಿಸ್ ಕೊಡಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸ ಇದ್ದಿರಬೇಕು. ನೋಟಿಸನ್ನು ಆಫೀಸಿನ ಬೋರ್ಡಿಗೆ ಅಂಟಿಸುತ್ತಾರೆ, ಅಲ್ಲಿಂದ ಇನ್ನೂ 30 ದಿನ ಕಾಯಬೇಕು. ಆಮೇಲೆ ಮೂವರು ಸಾಕ್ಷಿಗಳ ಜೊತೆ ಹೋಗಿ ಸಹಿ ಮಾಡಿ, ಅಧಿಕಾರಿಯ ಎದುರು ಇಬ್ಬರೂ ಬಾಯಿಬಿಟ್ಟು ಹೇಳಬೇಕು, ನಿನ್ನನ್ನು ಕಾನೂನುಬದ್ಧ ಗಂಡನಾಗಿ, ಹೆಂಡತಿಯಾಗಿ ಒಪ್ಪಿದ್ದೇನೆ ಅಂತ. ತಮಗೆ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಸರಿ. ತಾಳಿ, ಹಾರ ಎರಡೂ ಅವರವರ ಇಷ್ಟ, ಈ ಮಾತು ಮಾತ್ರ ಬೇಕೇ ಬೇಕು. ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಆ ನೋಟಿಸ್ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು.

ದೇವಸ್ಥಾನದಲ್ಲೋ ಮನೆಯಲ್ಲೋ ಶಾಸ್ತ್ರದ ಪ್ರಕಾರ ಮದುವೆ ಆಗಿ, ಅದನ್ನು 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಾಯಿಸುವುದು ಬೇರೆ. ಅದಕ್ಕೆ ಈ 30 ದಿನದ ನೋಟಿಸ್ ಇಲ್ಲ, ಕರ್ನಾಟಕದಲ್ಲಿ 2024ರಿಂದ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದ ಮೂಲಕ ಆನ್‌ಲೈನ್‌ನಲ್ಲೂ ಅರ್ಜಿ ಹಾಕಬಹುದು. ಆದರೆ ಅಲ್ಲಿ ಸಬ್ ರಿಜಿಸ್ಟ್ರಾರ್ ಮದುವೆ ಮಾಡಿಸುವುದಿಲ್ಲ, ಆಗಿರುವ ಮದುವೆಯನ್ನು ಬರೆದುಕೊಳ್ಳುತ್ತಾರೆ ಅಷ್ಟೇ. ನಮ್ಮ ಧಾರಾವಾಹಿಯವರು ಎರಡನ್ನೂ ಕಲಸಿ ಒಂದೇ ಮಧ್ಯಾಹ್ನದಲ್ಲಿ ಮುಗಿಸುತ್ತಾರೆ. ಕೈಜಾರಿದ ಹಾಲಿನ ಲೋಟ ನೆಲಕ್ಕೆ ಬೀಳಲು ಮೂರು ಕಂತು ತೆಗೆದುಕೊಳ್ಳುವ ಜನ, ಕಾನೂನೇ ಪುಕ್ಕಟೆ ಕೊಟ್ಟ 30 ದಿನದ ಆತಂಕವನ್ನು ಎಸೆದುಬಿಡುತ್ತಾರಲ್ಲ ಅನ್ನುವುದೇ ನನ್ನ ಹೊಟ್ಟೆಯುರಿ.

ಕೊನೇ ಗಳಿಗೆಯಲ್ಲಿ ಅಪ್ಪ ಬಂದು "ನಿಲ್ಲಿಸಿ" ಅಂತ ಕೂಗಿದರೆ ರಿಜಿಸ್ಟ್ರಾರ್ ನಿಲ್ಲಿಸಬೇಕಾ?
– ಧಾರವಾಡದ ಓದುಗರು

ಕೂಗಿದ್ದಕ್ಕೆ ನಿಲ್ಲಿಸಬೇಕಿಲ್ಲ. ಆಕ್ಷೇಪಣೆಯನ್ನು ಆ 30 ದಿನದೊಳಗೆ ಸಲ್ಲಿಸಬೇಕು, ಕಾರಣವೂ ಕಾಯ್ದೆಯಲ್ಲಿ ಇರುವಂಥದ್ದೇ ಆಗಿರಬೇಕು. ಇಬ್ಬರಲ್ಲಿ ಒಬ್ಬರಿಗೆ ಬದುಕಿರುವ ಗಂಡನೋ ಹೆಂಡತಿಯೋ ಇದ್ದಾರೆ, ಹುಡುಗನಿಗೆ 21 ಅಥವಾ ಹುಡುಗಿಗೆ 18 ತುಂಬಿಲ್ಲ, ಒಪ್ಪಿಗೆ ಕೊಡುವ ಮನಸ್ಥಿತಿ ಇಲ್ಲ, ನಿಷಿದ್ಧ ಸಂಬಂಧ ಅಂದರೆ ಮದುವೆಗೆ ಕಾನೂನು ಒಪ್ಪದಷ್ಟು ಹತ್ತಿರದ ನೆಂಟರು, ಇಂಥವು. "ಜಾತಿ ಬೇರೆ", "ನನಗೆ ಇಷ್ಟವಿಲ್ಲ" ಈ ಪಟ್ಟಿಯಲ್ಲಿ ಇಲ್ಲ. ಆಕ್ಷೇಪಣೆ ಬಂದರೆ ಅಧಿಕಾರಿ 30 ದಿನದೊಳಗೆ ವಿಚಾರಿಸಿ ತೀರ್ಮಾನ ಹೇಳಬೇಕು. ಸುಮ್ಮಸುಮ್ಮನೆ ದುರುದ್ದೇಶದಿಂದ ಹಾಕಿದ್ದು ಅನಿಸಿದರೆ ಆಕ್ಷೇಪಣೆ ಹಾಕಿದವರಿಗೇ 1000 ರೂಪಾಯಿವರೆಗೆ ದಂಡ ಹಾಕಬಹುದು. 1954ರಲ್ಲಿ ಅದು ದೊಡ್ಡ ದುಡ್ಡು. ಈಗ ಅಪ್ಪ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು ಹೋಗುತ್ತಾನೆ. ಅದೂ ಒಂದು ಸೀನೇ ಅನ್ನಿ.

ನಾನು ಇಂಥದ್ದೇ ಒಂದು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ, ಅಂದರೆ ಎಸ್‌ಡಿಎ. ನಮ್ಮನ್ನು ತೋರಿಸಿದರೆ ಮೇಜಿನ ಕೆಳಗೆ ಕೈ ಚಾಚುವವರ ಹಾಗೇ ತೋರಿಸುತ್ತಾರೆ. ಸರ್ವರ್ ಕೈಕೊಟ್ಟ ದಿನ ರಾತ್ರಿ ಮನೆಗೆ ಹೋದರೆ ಮಗಳು ನಿದ್ದೆ ಹೋಗಿರುತ್ತಾಳೆ. ಅದನ್ನು ಯಾರು ತೋರಿಸುತ್ತಾರೆ?
– ಹೆಸರು, ಊರು ಬೇಡ ಎಂದಿದ್ದಾರೆ

ನಿಮ್ಮ ಪತ್ರ ಎರಡು ಸಲ ಓದಿದೆ ಅಮ್ಮಾ. ಮೇಜಿನ ಕೆಳಗಿನ ಕೈ ಸುಳ್ಳು ಅಂತ ನಾನು ಹೇಳಲಾರೆ. ಒಂದು ಇಸಿಗೆ, ಅಂದರೆ ಆಸ್ತಿಯ ಋಣಭಾರ ಪತ್ರಕ್ಕೆ, ನಾಲ್ಕು ಸಲ ಅಲೆದವನು ನಾನು. ನಾಲ್ಕನೇ ಸಲ ಹೊರಗಿನ ಟೀ ಅಂಗಡಿಯವನೇ "ಸಾರ್, ಹೀಗೆ ಬಂದರೆ ಆಗಲ್ಲ" ಅಂತ ಬುದ್ಧಿ ಹೇಳಿದ. ಆದರೆ ಅದೇ ಆಫೀಸಿನಲ್ಲಿ, ಸರ್ವರ್ ಸತ್ತಿದ್ದಾಗ, ನಲವತ್ತು ಜನರ ಬೈಗುಳ ಕೇಳುತ್ತಾ ಕಂಪ್ಯೂಟರ್ ಪರದೆ ಬಿಟ್ಟು ಕಣ್ಣೆತ್ತದ ಹುಡುಗಿಯೊಬ್ಬಳು ಇದ್ದಳು. ಬುತ್ತಿ ಡಬ್ಬಿ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಿದ್ದಳು, ನಾನು ಹೊರಡುವಾಗಲೂ ಅನ್ನ ಹಾಗೇ ಇತ್ತು. ಧಾರಾವಾಹಿ ಬರೆಯುವವರು ಈ ಪುಟ ಓದುತ್ತಾರೆ ಅಂತ ನನಗೆ ಗೊತ್ತು. ಆ ಡಬ್ಬಿ ಅವರಿಗೆ ನನ್ನ ಕಡೆಯಿಂದ ಉಚಿತ.

ಧಾರಾವಾಹಿ ಬರೆಯುವ ಆಸೆ ಇದೆ. ಆದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ, ಹೆಬ್ಬೆಟ್ಟು ಬಿಟ್ಟರೆ ಏನಿದೆ? ಅಳು, ಜಗಳ ಎಲ್ಲ ಮನೆಯಲ್ಲೇ ಅಲ್ವಾ ನಡೆಯುವುದು?
– ಶಿವಮೊಗ್ಗದ ಓದುಗರು

ಹೆಬ್ಬೆಟ್ಟಿನಲ್ಲೇ ಎಲ್ಲ ಇದೆ. ನನ್ನ ಸೋದರಮಾವ ಈ ಆಫೀಸಿನ ಹೊರಗೆ ಆಸ್ತಿ ಪತ್ರ ಬರೆದುಕೊಡುವ ಪತ್ರಬರಹಗಾರರು, ಬೇಸಿಗೆ ರಜೆಯೆಲ್ಲ ನಾನು ಅವರ ಬೆಂಚಿನ ತುದಿಯಲ್ಲಿ ಕಳೆದವನು, ಅದಕ್ಕೇ ಇಷ್ಟು ಮಾತಾಡುತ್ತೇನೆ.

ಹಕ್ಕು ಬಿಡುಗಡೆ ಪತ್ರದ, ಅಂದರೆ ಆಸ್ತಿಯಲ್ಲಿ ತನ್ನ ಪಾಲು ಬಿಟ್ಟುಕೊಡುವ ಪತ್ರದ, ಒಂದು ದಿನ ತೆಗೆದುಕೊಳ್ಳಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ತಂದಿತು, ಇಡೀ ದೇಶಕ್ಕೆ 2005ರಲ್ಲಿ ಬಂತು. ಹಾಗಾಗಿ ಅಣ್ಣ ಜಮೀನು ಮಾರಬೇಕು ಅಂದರೆ ಮದುವೆಯಾಗಿ ಹೋದ ತಂಗಿಯ ಸಹಿ ಬೇಕು. ವರ್ಷಗಟ್ಟಲೆ ಹಬ್ಬಕ್ಕೂ ಕರೆಯದವನು ಕಾರು ತಂದು ಅವಳ ಮನೆ ಬಾಗಿಲಲ್ಲಿ ನಿಲ್ಲುತ್ತಾನೆ. ದಾರಿಯಲ್ಲಿ ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸುತ್ತಾನೆ, ಆಫೀಸಿನ ಮರದ ಕೆಳಗೆ ಇಬ್ಬರೂ ಕಾಯುತ್ತಾರೆ. ಕೂಗಿದಾಗ ಒಳಗೆ ಹೋದರೆ ಕ್ಯಾಮೆರಾ ಎದುರು ಫೋಟೊ, ಆಮೇಲೆ ಹೆಬ್ಬೆಟ್ಟಿನ ಯಂತ್ರ. ಬೆರಳು ತೆಗೆದುಕೊಳ್ಳುವುದಿಲ್ಲ. ಪಾತ್ರೆ ಉಜ್ಜಿ, ಕಳೆ ಕಿತ್ತು ಗೆರೆಯೇ ಸವೆದುಹೋಗಿದೆ. ಆಪರೇಟರ್ "ಒರೆಸಿಕೊಂಡು ಇಡಿ ಅಮ್ಮಾ" ಅನ್ನುತ್ತಾನೆ. ಸೆರಗಿನಲ್ಲಿ ಒರೆಸಿ ಇಡುತ್ತಾಳೆ, ಇಲ್ಲ. ಅಣ್ಣ ತನ್ನ ಕರ್ಚೀಫ್ ಕೊಡುತ್ತಾನೆ. ತನ್ನ ಬೆರಳನ್ನು ಅಣ್ಣ ಇಷ್ಟು ಹತ್ತಿರದಿಂದ ನೋಡುತ್ತಿರುವುದು ಇವತ್ತೇ ಮೊದಲು ಅಂತ ಅವಳಿಗೆ ಅನಿಸುತ್ತದೆ.

ಆಗ ಸಬ್ ರಿಜಿಸ್ಟ್ರಾರ್ ಕೇಳುತ್ತಾರೆ, ದಿನಕ್ಕೆ ಎಷ್ಟೋ ಸಲ ಕೇಳುವ ದನಿಯಲ್ಲೇ: "ಈ ಪತ್ರಕ್ಕೆ ನೀವೇ ಸಹಿ ಮಾಡಿದ್ದಾ, ಒಪ್ಪಿಗೆನಾ?" 1908ರ ನೋಂದಣಿ ಕಾಯ್ದೆಯ ಪ್ರಕಾರ, ಪತ್ರ ಬರೆದುಕೊಟ್ಟವರೇ ತಾವು ಬರೆದುಕೊಟ್ಟಿಲ್ಲ ಅಂದುಬಿಟ್ಟರೆ ಅವರ ಮಟ್ಟಿಗೆ ನೋಂದಣಿಯನ್ನು ನಿರಾಕರಿಸಬೇಕು. ಅಂದರೆ ಆ ಒಂದು ನಿಮಿಷ ಇಡೀ ಜಮೀನು ಅವಳ ನಾಲಿಗೆ ಮೇಲೆ ಇರುತ್ತದೆ. ಹೆಚ್ಚಿನವರು "ಹೂಂ" ಅಂತಾರೆ. ಒಬ್ಬರು ಮಾತ್ರ ಏನೂ ಹೇಳದೆ ಚೀಲ ತೆಗೆದುಕೊಂಡು ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದದ್ದು ನನಗೆ ಇವತ್ತಿಗೂ ನೆನಪಿದೆ. ಅಣ್ಣ ಹಿಂದೆ ಓಡಲಿಲ್ಲ, ಮೊದಲು ಸ್ಟಾಂಪಿನ ದುಡ್ಡು ವಾಪಸ್ ಬರುತ್ತಾ ಅಂತ ನನ್ನ ಮಾವನನ್ನು ಕೇಳಿದ.

ಮನೆಯಲ್ಲಿ ನಡೆಯುವ ಜಗಳಕ್ಕೆ ಕೊನೆಯೇ ಇಲ್ಲ, ಅದಕ್ಕೇ ಧಾರಾವಾಹಿಗಳು ಸಾವಿರ ಕಂತು ಓಡುತ್ತವೆ. ಇಲ್ಲಿ ಸಂಜೆ ಐದು ಗಂಟೆಯೊಳಗೆ ಹೌದು ಅಥವಾ ಇಲ್ಲ ಹೇಳಲೇಬೇಕು. ಅಷ್ಟು ಸಾಕಲ್ವಾ ಬರೆಯುವವರಿಗೆ?

ವಕೀಲರು ಮನೆಯ ಹಾಲ್‌ನಲ್ಲಿ ಕೂತು ಎಲ್ಲರ ಮುಂದೆ ವಿಲ್ ಓದುವ ಸೀನು ನಿಜವಾ?
– ಮಂಡ್ಯದ ಓದುಗರು

ಹಾಗೆ ಕೂತು ಓದಲೇಬೇಕು ಅಂತ ಯಾವ ಕಾನೂನೂ ಇಲ್ಲ. ವಿಲ್ ನೋಂದಣಿಯೂ ಕಡ್ಡಾಯ ಅಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕು ಅಷ್ಟೇ. ನೋಂದಾಯಿಸಿದರೆ ಅದಕ್ಕೆಂದೇ ಬೇರೆ ಪುಸ್ತಕ ಇದೆ, 3ನೇ ಪುಸ್ತಕ. ಬರೆದವರು ಬದುಕಿರುವವರೆಗೆ ಅದರ ನಕಲು ಹೆಂಡತಿ ಕೇಳಿದರೂ ಸಿಗುವುದಿಲ್ಲ, ಮಗ ಕೇಳಿದರೂ ಸಿಗುವುದಿಲ್ಲ. ಬರೆದವರಿಗೆ, ಇಲ್ಲವೇ ಅವರು ಕಳಿಸಿದ ಏಜೆಂಟ್‌ಗೆ ಮಾತ್ರ. ಲಕೋಟೆಯಲ್ಲಿ ಹಾಕಿ ಸೀಲ್ ಮಾಡಿ ಜಿಲ್ಲಾ ನೋಂದಣಾಧಿಕಾರಿ ಬಳಿ ಇಡುವುದಕ್ಕೂ ಅವಕಾಶ ಇದೆ, ಅದನ್ನು ಅವರ ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಊರಿನ ಅರ್ಧ ಮನೆಗಳ ಗುಟ್ಟು ಗೊತ್ತಿದ್ದೂ ಮದುವೆ ಊಟದಲ್ಲಿ ಅದೇ ಜನರ ಪಕ್ಕ ಸುಮ್ಮನೆ ಪಾಯಸ ಕುಡಿಯುವ ಗುಮಾಸ್ತ, ಆ ಪಾತ್ರ ಯಾರಾದರೂ ಬರೆಯಿರಪ್ಪಾ.

ಇಷ್ಟೆಲ್ಲ ಹೇಳುತ್ತೀರಲ್ಲ, ನೀವೇ ಬರೆದರೆ ಮೊದಲ ಕಂತು ಏನು?
– ಶಿರಸಿಯ ಓದುಗರು

ವಿಶೇಷ ವಿವಾಹ ಕಾಯ್ದೆಯಲ್ಲಿ ಜಾಸ್ತಿ ಜನರಿಗೆ ಗೊತ್ತಿಲ್ಲದ ಒಂದು ಸಾಲು ಇದೆ. ಹುಡುಗ ಅಥವಾ ಹುಡುಗಿಯ ಕಾಯಂ ವಾಸ ಬೇರೆ ಜಿಲ್ಲೆಯಲ್ಲಿ ಇದ್ದರೆ, ನೋಟಿಸಿನ ಒಂದು ಪ್ರತಿ ಆ ಜಿಲ್ಲೆಯ ವಿವಾಹ ಅಧಿಕಾರಿಗೂ ಹೋಗಬೇಕು, ಅವರೂ ತಮ್ಮ ಬೋರ್ಡಿಗೆ ಅಂಟಿಸಬೇಕು.

ಅಪ್ಪ ಒಂದು ಸಣ್ಣ ಊರಿನ ಸಬ್ ರಿಜಿಸ್ಟ್ರಾರ್, ಅಲ್ಲಿನ ವಿವಾಹ ಅಧಿಕಾರಿಯೂ ಅವರೇ, ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿ ಇದ್ದಾಳೆ. ಸೋಮವಾರ ಬೆಳಿಗ್ಗೆ ಸಾಹೇಬರು ಇನ್ನೂ ಬಂದಿಲ್ಲ. ಹಳೇ ಗುಮಾಸ್ತ ಟಪಾಲು ಒಡೆಯುತ್ತಾನೆ, ಹುಡುಗಿಯ ಹೆಸರು ಓದುತ್ತಾನೆ, ತಂದೆಯ ಹೆಸರು ಓದುತ್ತಾನೆ, ಕನ್ನಡಕ ತೆಗೆದು ಒರೆಸಿ ಮತ್ತೆ ಓದುತ್ತಾನೆ. ಗಂಟೆ ಹತ್ತಾಗಲು ಐದು ನಿಮಿಷ ಇದೆ. ಒಂದು ಕೈಯಲ್ಲಿ ನೋಟಿಸ್, ಇನ್ನೊಂದರಲ್ಲಿ ಗೋಂದಿನ ಬಾಟಲಿ ಹಿಡಿದು ಬೋರ್ಡಿನ ಮುಂದೆ ನಿಂತಿದ್ದಾನೆ, ಹೊರಗೆ ಸಾಹೇಬರ ಸ್ಕೂಟರ್ ಸದ್ದು ಕೇಳುತ್ತದೆ.