ಪಿಕಪ್‌ಗೆ ಯಾವ ಸಿಂಥೆಟಿಕ್ ಆಯಿಲ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ವಾಶಿಯ ಎಪಿಎಂಸಿಯಿಂದ ದಾದರ್, ಮಾಟುಂಗಾ ಕಡೆಗೆ ದಿನಾ ಬೆಳಗಿನ ಜಾವ ತರಕಾರಿ ಸಾಗಿಸುತ್ತೇನೆ. 2021ರ ಬಿಎಸ್-6 ಡೀಸೆಲ್ ಪಿಕಪ್. ವಾರಂಟಿ ಮುಗಿದಿದೆ, ಇನ್ನು ಹೊರಗೆ ಆಯಿಲ್ ಹಾಕಿಸಬೇಕು. ಒಬ್ಬ ಅಂಗಡಿಯವರು ‘ಫುಲ್ ಸಿಂಥೆಟಿಕ್ 5ಡಬ್ಲ್ಯು-30 ತಗೊಳ್ಳಿ’ ಅನ್ನುತ್ತಾರೆ, ಇನ್ನೊಬ್ಬರು ‘ಮುಂಬಯಿ ಸೆಕೆಗೆ 15ಡಬ್ಲ್ಯು-40 ಸಾಕು’ ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗರು, ನವಿ ಮುಂಬಯಿ

ಉತ್ತರ: ಇಬ್ಬರೂ ಕ್ಯಾನಿನ ಮುಂಭಾಗ ನೋಡಿ ಹೇಳುತ್ತಿದ್ದಾರೆ. ನೀವು ಕ್ಯಾನ್ ತಿರುಗಿಸಿ, ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. ನಿಮ್ಮ ಗಾಡಿಯ ಮಟ್ಟಿಗೆ ತೀರ್ಮಾನ ಆಗಬೇಕಾದದ್ದು ಅಲ್ಲಿ.

ಬಿಎಸ್-6 ಡೀಸೆಲ್ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಹೊಗೆಯ ದಾರಿಯಲ್ಲಿ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದರಲ್ಲಿ ಕೂರುವ ಮಸಿಯನ್ನು ಗಾಡಿಯೇ ಆಗಾಗ ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟುಕೊಳ್ಳುತ್ತದೆ. ಆದರೆ ಬೂದಿ ಸುಡುವುದಿಲ್ಲ. ಈ ಬೂದಿ ಬರುವುದು ಹೆಚ್ಚಾಗಿ ಎಂಜಿನ್ ಆಯಿಲ್‌ನಿಂದ, ಅದಕ್ಕೆ ಸೇರಿಸಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವಿನ ಅಂಶಗಳಿಂದ. ತಪ್ಪು ಆಯಿಲ್ ಹಾಕಿದರೆ ಮೊದಲ ತಿಂಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಬೂದಿ ಸ್ವಲ್ಪ ಸ್ವಲ್ಪವೇ ಕಟ್ಟುತ್ತಾ ಹೋಗಿ, ಒಂದು ದಿನ ಎಳೆತ ಕಡಿಮೆಯಾಗಿ ಎಚ್ಚರಿಕೆಯ ದೀಪ ಹತ್ತುತ್ತದೆ. ಆಮೇಲೆ ಡಿಪಿಎಫ್ ಬಿಚ್ಚಿ ತೊಳೆಸುವುದೋ ಬದಲಿಸುವುದೋ, ಎರಡೇ ದಾರಿ.

ಆದ್ದರಿಂದ ಹಿಂಭಾಗದಲ್ಲಿ ‘ಎಸಿಇಎ ಸಿ3’ (ACEA C3) ಅಥವಾ ‘ಎಪಿಐ ಸಿಕೆ-4’ (API CK-4) ಎಂಬ ಗುಣಮಟ್ಟದ ಗುರುತು ಇದೆಯೇ ನೋಡಿ. ಸಿ3ಯಲ್ಲಿ ಬೂದಿಯ ಮಿತಿ ನೂರಕ್ಕೆ 0.8, ಸಿಕೆ-4ರಲ್ಲಿ ನೂರಕ್ಕೆ 1. ಹಳೆಯ ‘ಸಿಐ-4’ ಆಯಿಲ್‌ಗೆ ಇಂಥ ಬಿಗಿ ಮಿತಿಯಿಲ್ಲ. ಅದು ಕೆಟ್ಟ ಆಯಿಲ್ ಅಲ್ಲ, ನಿಮ್ಮ ಗಾಡಿಗೆ ಹೊಂದುವುದಿಲ್ಲ ಅಷ್ಟೆ. ಎರಡರಲ್ಲಿ ಯಾವುದು ಬೇಕೆಂದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿದೆ. ಅಲ್ಲಿ ಇರುವುದನ್ನೇ ಅಕ್ಷರಕ್ಕೆ ಅಕ್ಷರ ಹೊಂದಿಸಿ ತಗೊಳ್ಳಿ.

ಇನ್ನು 5ಡಬ್ಲ್ಯು, 15ಡಬ್ಲ್ಯು ಜಗಳ. ಡಬ್ಲ್ಯು ಅಂದರೆ ಚಳಿಗಾಲದ ಗುರುತು. 15ಡಬ್ಲ್ಯು ಆಯಿಲ್‌ನಲ್ಲಿ ಎಂಜಿನ್ ತಿರುಗುತ್ತದೆಯೇ ಎಂದು ಪರೀಕ್ಷಿಸುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ, 5ಡಬ್ಲ್ಯು ಆದರೆ 30 ಡಿಗ್ರಿ ಕೆಳಗೆ. ವಾಶಿಯ ಡಿಸೆಂಬರ್ ಮುಂಜಾವಿಗೆ ಎರಡೂ ಬೇಕಾದಷ್ಟಾಯಿತು. ಅಡ್ಡಗೆರೆಯ ನಂತರದ ಅಂಕಿಯೇ (30, 40) ನಿಮಗೆ ಮುಖ್ಯ. 100 ಡಿಗ್ರಿ ಬಿಸಿಯಲ್ಲಿ ‘30’ರ ಆಯಿಲ್‌ನ ದಪ್ಪ (ಸ್ನಿಗ್ಧತೆ) 9.3ರಿಂದ 12.5 ಸೆಂಟಿಸ್ಟೋಕ್, ‘40’ರದ್ದು 12.5ರಿಂದ 16.3. ಪುಸ್ತಕ 30 ಎಂದಷ್ಟೇ ಹೇಳಿದ್ದರೆ 40 ಹಾಕಬೇಡಿ. 40ನ್ನೂ ಸಿಕೆ-4ನ್ನೂ ಒಪ್ಪಿದ್ದರೆ 15ಡಬ್ಲ್ಯು-40 ಸಿಕೆ-4 ಧಾರಾಳವಾಗಿ ಹಾಕಬಹುದು, ದುಡ್ಡೂ ಉಳಿಯುತ್ತದೆ.

‘5ಡಬ್ಲ್ಯು-30 ನೀರಾಗಿರುತ್ತದೆ, ಲೋಡಿಗೆ ತಾಳುವುದಿಲ್ಲ’ ಎಂಬ ಹೆದರಿಕೆಗೆ ಅರ್ಧ ಆಧಾರ ಇದೆ. ಎಂಜಿನ್ ಕುದಿಯುವಾಗ ಬೇರಿಂಗ್‌ಗಳ ನಡುವೆ ಉಳಿಯುವ ಪದರದ ಬಲವನ್ನು ಎಚ್‌ಟಿಎಚ್‌ಎಸ್ ಎಂದು ಅಳೆಯುತ್ತಾರೆ. ಸಿ3ಯಲ್ಲಿ ಅದು ಕನಿಷ್ಠ 3.5, ಎಸಿಇಎಯದೇ ಇನ್ನೊಂದು ಗುರುತಾದ ಸಿ2ರಲ್ಲಿ 2.9 ಇದ್ದರೂ ಸಾಕು. ಎರಡೂ ಕ್ಯಾನ್‌ಗಳ ಮುಂದೆ ‘ಫುಲ್ ಸಿಂಥೆಟಿಕ್ 5ಡಬ್ಲ್ಯು-30’ ಎಂದೇ ಅಚ್ಚಾಗಿರುತ್ತದೆ. ಹಿಂಭಾಗ ಓದಿ ಎಂದು ಒತ್ತಿ ಹೇಳುವುದು ಇದಕ್ಕೇ.

ಅಂದ ಹಾಗೆ, ಇಂದು ‘ಸಿಂಥೆಟಿಕ್’ ಎಂದು ಮಾರುವ ಬಹುಪಾಲು ಆಯಿಲ್‌ ಕಚ್ಚಾತೈಲವನ್ನೇ ಬಹಳ ಶುದ್ಧಿ ಮಾಡಿದ ‘ಗ್ರೂಪ್-3’ ಎಂಬ ವರ್ಗದ್ದು. ರಾಸಾಯನಿಕವಾಗಿ ಕಟ್ಟಿದ ಪಿಎಒ ಗ್ರೂಪ್-4. ಗ್ರೂಪ್-3ನ್ನೂ ಸಿಂಥೆಟಿಕ್ ಎನ್ನಬಹುದೆಂದು ಅಮೆರಿಕದಲ್ಲಿ 1999ರಲ್ಲಿ ತೀರ್ಮಾನವಾದ ಮೇಲೆ ಆ ಹೆಸರು ಎಲ್ಲ ಕಡೆ ಸಡಿಲವಾಯಿತು. ಗ್ರೂಪ್-3 ಒಳ್ಳೆಯ ಆಯಿಲೇ. ಆದರೆ ‘ಸಿಂಥೆಟಿಕ್’ ಎಂಬ ಒಂದು ಪದಕ್ಕೆಂದೇ ಎರಡರಷ್ಟು ಬೆಲೆ ಕೊಡಬೇಕಾಗಿಲ್ಲ.

ಪ್ರಶ್ನೆ: ಆಯಿಲ್ ಬದಲಿಸಿ ಎರಡು ತಿಂಗಳಾಯಿತು. ಕಡಿಮೆಯಾಗುವ ಬದಲು ಗೇಜಿನಲ್ಲಿ ಮಟ್ಟ ಏರಿದೆ! ಹೆಚ್ಚು ಹಾಕಿಬಿಟ್ಟರೇ?
— ಓದುಗರು, ಡೊಂಬಿವಲಿ

ಉತ್ತರ: ಹಾಕಿದ ದಿನ ಮಟ್ಟ ಸರಿಯಿದ್ದು ಈಗ ಏರಿದ್ದರೆ ಹೆಚ್ಚಾಗಿ ಒಳಗೆ ಡೀಸೆಲ್ ಸೇರುತ್ತಿರುತ್ತದೆ. ಡಿಪಿಎಫ್ ಮಸಿ ಸುಡಲು ಅನೇಕ ಎಂಜಿನ್‌ಗಳು ಸಿಲಿಂಡರಿಗೆ ಕೊನೆಯಲ್ಲಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಅದರಲ್ಲಿ ಸ್ವಲ್ಪ ಗೋಡೆಗುಂಟ ಇಳಿದು ಆಯಿಲ್‌ಗೆ ಸೇರುತ್ತದೆ. ಸುಡುವ ಕೆಲಸ ಅರ್ಧವಾಗಿರುವಾಗಲೇ ಗಾಡಿ ಆಫ್ ಮಾಡಿ, ಮತ್ತೆ ಶುರು, ಮತ್ತೆ ಆಫ್ ಮಾಡುತ್ತಿದ್ದರೆ ಇದು ಕೂಡುತ್ತಲೇ ಹೋಗುತ್ತದೆ. ಅಂಗಡಿ ಅಂಗಡಿಗೆ ಮಾಲು ಇಳಿಸುವ ಗಾಡಿಗಳಲ್ಲಿ ಇದು ಹೆಚ್ಚು.

ಗೇಜ್ ಎಳೆದು, ತುದಿಯ ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಮೂಸಿ ನೋಡಿ. ಒಳ್ಳೆಯ ಆಯಿಲ್ ಕಪ್ಪಾಗಿದ್ದರೂ ಬೆರಳಿಗೆ ಜಿಡ್ಡಾಗಿ ಅಂಟುತ್ತದೆ. ಡೀಸೆಲ್ ಬೆರೆತದ್ದು ತೆಳ್ಳಗೆ ಜಾರುತ್ತದೆ, ವಾಸನೆಯೂ ಹೊಡೆಯುತ್ತದೆ. ಮಟ್ಟ ಮೇಲಿನ ಗೆರೆ ದಾಟಿದ್ದರೆ ಕಿಲೋಮೀಟರ್ ಲೆಕ್ಕ ನೋಡದೆ ಬದಲಿಸಿ. ಎಷ್ಟೇ ದುಬಾರಿ ಸಿಂಥೆಟಿಕ್ ಆದರೂ ಡೀಸೆಲ್ ಬೆರೆತ ಮೇಲೆ ಬೇರಿಂಗ್ ಕಾಯುವುದಿಲ್ಲ. ಮುಂದೆ ಡಿಪಿಎಫ್ ದೀಪ ಹತ್ತಿದರೆ ಆಫ್ ಮಾಡದೆ, ಸಾಯನ್–ಪನ್ವೆಲ್‌ನಂಥ ತೆರೆದ ಹೆದ್ದಾರಿಯಲ್ಲಿ ಸುಮಾರು 20 ನಿಮಿಷ ಒಂದೇ ವೇಗದಲ್ಲಿ ಓಡಿಸಿ. ಹಾಗೆ ಮಾಡಿದ ಮೇಲೂ ಮಟ್ಟ ಏರುತ್ತಿದ್ದರೆ ಇಂಜೆಕ್ಟರ್ ಸೋರುತ್ತಿರಬಹುದು, ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮಡಗಾಂವ್‌ನಿಂದ ಚೋರ್ಲಾ ಘಾಟಿ ಹತ್ತಿ ಬೆಳಗಾವಿಗೆ ಮೀನು ಒಯ್ಯುವ ಟರ್ಬೊ ಪಿಕಪ್. ಘಾಟಿಗೆ ಇನ್ನೂ ದಪ್ಪನೆಯ ಆಯಿಲ್ ಒಳ್ಳೆಯದಲ್ಲವೇ? ಸಿಂಥೆಟಿಕ್ ಹಾಕಿದರೆ ಎರಡರಷ್ಟು ಓಡಿಸಬಹುದು ಅನ್ನುತ್ತಾರೆ, ನಿಜವೇ?
— ಓದುಗರು, ಗೋವಾ

ಉತ್ತರ: ದಪ್ಪ ಬೇಡ. ಅಗತ್ಯಕ್ಕಿಂತ ದಪ್ಪನೆಯ ಆಯಿಲ್ ತಳ್ಳುವುದರಲ್ಲೇ ಶಕ್ತಿ ಹೋಗಿ ಬಿಸಿ ಹೆಚ್ಚುತ್ತದೆ, ಟರ್ಬೊಗೆ ತಲುಪುವುದೂ ತಡ. ಆದರೆ ಸಿಂಥೆಟಿಕ್‌ಗೆ ಕೊಟ್ಟ ದುಡ್ಡು ನಿಜವಾಗಿ ದಕ್ಕುವುದು ನಿಮ್ಮಂಥ ಓಟದಲ್ಲೇ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಟರ್ಬೊದ ದಂಡಕ್ಕೆ ಆಧಾರ ಆ ತೆಳು ಆಯಿಲ್ ಪದರ ಒಂದೇ. ಘಾಟಿ ಹತ್ತಿದ ತಕ್ಷಣ ಚಹಾಕ್ಕೆಂದು ಕೀ ತಿರುಗಿಸಿದರೆ ಆಯಿಲ್ ಹರಿವು ನಿಲ್ಲುತ್ತದೆ, ಬಿಸಿ ಮಾತ್ರ ನಿಲ್ಲುವುದಿಲ್ಲ. ಒಳಗೆ ನಿಂತ ಆಯಿಲ್ ಸುಟ್ಟು ಕರಿಯಾಗಿ, ಕಿರಿದಾದ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ಸಿಂಥೆಟಿಕ್ ಇದನ್ನು ತಡೆದುಕೊಳ್ಳುವುದು ಹೆಚ್ಚು. ಆದರೂ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟೇ ಆಫ್ ಮಾಡಿ.

ಎರಡರಷ್ಟು ಓಟದ ಮಾತು ನಂಬಬೇಡಿ. ಪುಸ್ತಕದಲ್ಲಿ ‘ಕಠಿಣ ಬಳಕೆ’ಗೆ ಬೇರೆ ಪಟ್ಟಿ ಇರುತ್ತದೆ. ತುಂಬು ಲೋಡು, ಘಾಟಿ, ಧೂಳು, ಟ್ರಾಫಿಕ್ ಎಲ್ಲವೂ ಅದರಲ್ಲಿ ಬರುತ್ತವೆ. ಆ ಪಟ್ಟಿಯೇ ನಿಮ್ಮದು. ಮಾಲು ಇಳಿಸುವಾಗ ಎಂಜಿನ್ ಚಾಲೂ ಇಡುವವರು ಒಂದು ತಾಸಿಗೆ 40–50 ಕಿ.ಮೀ. ಓಟ ಎಂದು ಸೇರಿಸಿಕೊಳ್ಳಿ.

ಪ್ರಶ್ನೆ: ಬಿಎಸ್-3 ಕಾಲದ ಪಿಕಪ್, 2.8 ಲಕ್ಷ ಕಿ.ಮೀ. ಓಡಿದೆ. ಸಿಂಥೆಟಿಕ್ ಹಾಕಿದರೆ ಸೋರುತ್ತದೆಯಂತೆ?
— ಓದುಗರು, ಪುಣೆ

ಉತ್ತರ: ಆಯಿಲ್ ಹೊಸ ತೂತು ಮಾಡುವುದಿಲ್ಲ. ವರ್ಷಗಟ್ಟಲೆ ಕಟ್ಟಿದ ಕೆಸರು ಗಟ್ಟಿಯಾದ ಸೀಲುಗಳ ಸಂದನ್ನು ಮುಚ್ಚಿರುತ್ತದೆ. ಹೊಸ ಆಯಿಲ್ ಅದನ್ನು ತೊಳೆದಾಗ ಇದ್ದ ಸೋರಿಕೆ ಹೊರಬೀಳುತ್ತದೆ. ನಿಮ್ಮ ಗಾಡಿಗೆ ಡಿಪಿಎಫ್ ಇಲ್ಲ. ಪುಸ್ತಕ ಒಪ್ಪಿದರೆ 15ಡಬ್ಲ್ಯು-40 ಸಿಐ-4 ಪ್ಲಸ್ ಹಾಕಿ, ಹೊತ್ತಿಗೆ ಸರಿಯಾಗಿ ಬದಲಿಸಿ. ಉಳಿದ ಹಣದಲ್ಲಿ ಪ್ರತಿ ಸಲ ಒಳ್ಳೆಯ ಫಿಲ್ಟರ್ ಹಾಕಿಸಿ.

ಪ್ರಶ್ನೆ: ಸಿಎನ್‌ಜಿ ಪಿಕಪ್. ಆಯಿಲ್ ಇನ್ನೂ ಜೇನಿನ ಬಣ್ಣವೇ ಇದೆ. ಮುಂದುವರಿಸಲೇ?
— ಓದುಗರು, ಭೋಸರಿ

ಉತ್ತರ: ಬಣ್ಣ ನೋಡಿ ಮೋಸ ಹೋಗಬೇಡಿ. ಸಿಎನ್‌ಜಿಯಲ್ಲಿ ಮಸಿ ಬಹಳ ಕಡಿಮೆ, ಆದ್ದರಿಂದ ಆಯಿಲ್ ಕಪ್ಪಾಗುವುದಿಲ್ಲ. ಆದರೆ ಬಿಸಿಯಿಂದ, ನೈಟ್ರೋಜನ್ ಆಕ್ಸೈಡ್‌ಗಳಿಂದ ಅದು ಒಳಗೊಳಗೇ ಹಳತಾಗಿ ಗಟ್ಟಿಯಾಗುತ್ತದೆ. ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್ ಲೆಕ್ಕಕ್ಕೆ ಬದಲಿಸಿ.

ಪ್ರಶ್ನೆ: ಆಯಿಲ್ ನಾನೇ ಬದಲಿಸುತ್ತೇನೆ. ಎಷ್ಟು ಹಾಕಬೇಕೆಂದು ಪ್ರತಿ ಸಲ ಗೊಂದಲ. ನಕಲಿ ಆಯಿಲ್ ಗುರುತಿಸುವುದೂ ತಿಳಿಸಿ.
— ಓದುಗರು, ಥಾಣೆ

ಉತ್ತರ: ಎಂಜಿನ್ ಬೆಚ್ಚಗಿರುವಾಗ, ಸಮತಟ್ಟು ಜಾಗದಲ್ಲಿ ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಬೋಲ್ಟ್ ಬಿಚ್ಚಿ. ಧಾರೆ ನಿಂತು ಹನಿಗೆ ಬರುವವರೆಗೆ 15–20 ನಿಮಿಷ ಬಿಡಿ. ಫಿಲ್ಟರ್ ತೆಗೆದಾಗ ಹಳೆಯ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿ ಉಳಿದಿದೆಯೇ ಎಂದು ಕೈಯಾಡಿಸಿ ನೋಡಿ. ಅದರ ಮೇಲೆ ಹೊಸದನ್ನು ಕೂರಿಸಿದರೆ ಹೆದ್ದಾರಿಯಲ್ಲಿ ಆಯಿಲ್ ಪೂರ್ತಿ ಚೆಲ್ಲಿಹೋದೀತು. ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ. ಬೋಲ್ಟಿನ ವಾಷರ್ ಪ್ರತಿ ಸಲ ಹೊಸದಿರಲಿ, ಹಳೆಯ ವಾಷರ್ ಸೋರುತ್ತದೆಂದು ಬೋಲ್ಟನ್ನು ವಿಪರೀತ ಬಿಗಿಮಾಡಿಯೇ ಎಷ್ಟೋ ಸಂಪ್‌ಗಳ ಮರೆ (ತಿರುಪಿನ ಸುತ್ತು) ಹಾಳಾಗಿರುವುದು.

ಪುಸ್ತಕದಲ್ಲಿ ಎರಡು ಅಳತೆ ಇದ್ದರೆ ‘ಫಿಲ್ಟರ್ ಸಹಿತ’ ಎಂಬುದನ್ನು ಹಿಡಿಯಿರಿ. ಅದಕ್ಕಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಸ್ಟಾರ್ಟ್ ಮಾಡಿ, ಎಕ್ಸಿಲರೇಟರ್ ಮುಟ್ಟದೆ ಒಂದು ನಿಮಿಷ ಬಿಡಿ. ಆಫ್ ಮಾಡಿ 10 ನಿಮಿಷದ ಮೇಲೆ ಗೇಜ್ ಒರೆಸಿ ನೋಡಿ, ಬೇಕಾದಷ್ಟೇ ಸೇರಿಸಿ. ಡಿಪಿಎಫ್ ಗಾಡಿಯಲ್ಲಿ ಮೇಲಿನ ಗೆರೆಗಿಂತ ಚೂರು ಕೆಳಗೇ ನಿಲ್ಲಿಸಿ, ಡೀಸೆಲ್ ಸೇರಿದರೆ ಏರಲು ಜಾಗ ಇರಲಿ.

ನಕಲಿಯ ವಿಷಯ: ಮುಚ್ಚಳದ ಸೀಲ್ ರಿಂಗ್ ತಿರುಗಿಸುವಾಗ ಕಟಕ್ಕನೆ ಮುರಿಯಬೇಕು. ಬ್ಯಾಚ್ ನಂಬರು ಕೆರೆದಿರಬಾರದು. ಕ್ಯೂಆರ್ ಕೋಡ್ ಇದ್ದರೆ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ, ಬಿಲ್ ಇಲ್ಲದೆ ಕೊಳ್ಳಬೇಡಿ. ಖಾಲಿ ಕ್ಯಾನನ್ನು ಹಾಗೇ ಗುಜರಿ ಕೊಳ್ಳುವ ಭಂಗಾರದವರಿಗೆ ಕೊಡಬೇಡಿ, ತುಂಬಿಸಿ ಮತ್ತೆ ಮಾರುವವರಿಗೆ ಬೇಕಾದದ್ದು ಅದೇ. ಲೇಬಲ್ ಹರಿದು, ತಳಕ್ಕೆ ದಪ್ಪ ಮೊಳೆಯಿಂದ ಎರಡು ಕಡೆ ತೂತು ಹೊಡೆದು ಕೊಡಿ. ಹಳೆಯ ಆಯಿಲನ್ನು ಬೇರೊಂದು ಡಬ್ಬಕ್ಕೆ ಸುರಿದು, ಗಟಾರಕ್ಕೆ ಚೆಲ್ಲದೆ, ಅಧಿಕೃತ ಮರುಬಳಕೆದಾರರಿಗೆ ಕೊಡುವ ಸರ್ವಿಸ್ ಸ್ಟೇಷನ್‌ಗೆ ಒಪ್ಪಿಸಿ.